ರಬ್ಬರ್ ಮೂತಿಯ ಸುತ್ತಿಗೆ

ಕಲ್ಲು ಎರಡು ಹೋಳಾಗಲಿಲ್ಲ. ಉಳಿದದ್ದನ್ನು ಆಮೇಲೆ ಚರ್ಚಿಸುವಾ, ಮೊದಲು ಇದೊಂದು ದಾಖಲಾಗಲಿ.

ಕಳೆದ ವಾರ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಮುಂದಿನ ಸೀಟಿನಲ್ಲಿ ಮಡಿಲ ತುಂಬ ಮಲ್ಲಿಗೆಯ ಕಟ್ಟು ಇಟ್ಟುಕೊಂಡ ಒಬ್ಬರು. ಬಸ್ಸಿಡೀ ಮದುವೆಮನೆಯ ವಾಸನೆ. ಅವರು ಪಕ್ಕದವರಿಗೆ ಒಂದು ಕಥೆ ಹೇಳುತ್ತಿದ್ದರು. ಮಣಿಪಾಲದಿಂದ ಒಬ್ಬಳು ಹುಡುಗಿ ಕಂಪ್ಯೂಟರು, ವಯರು ಎಲ್ಲ ಹೊತ್ತುಕೊಂಡು ಕಲ್ಲು ಕೆತ್ತುವ ಆಚಾರ್ರ ಶೆಡ್ಡಿಗೆ ಬಂದಳಂತೆ. ಆಚಾರ್ರು ಬೇಡ ಎಂದ ಕಲ್ಲಿಗೆ ವಯರು ಅಂಟಿಸಿ ಇದು ಫಸ್ಟ್ ಕ್ಲಾಸ್ ಎಂದಳಂತೆ. ಆಚಾರ್ರು ಮಾತಾಡದೆ ಕಲ್ಲಿಗೆ ಕೈ ಮುಗಿದು ಒಂದೇ ಒಂದು ಪೆಟ್ಟು ಹಾಕಿದರಂತೆ. ಕಲ್ಲು ಬಾಳೆದಿಂಡಿನ ಹಾಗೆ ಎರಡು ಹೋಳು. ಹುಡುಗಿ ಅಳುತ್ತಾ ಕಾಲಿಗೆ ಬಿದ್ದಳಂತೆ. "ಎಂತ ಸಾಯನ್ಸ್ ಮಾರಾಯ್ರೇ, ಅನುಭವದ ಎದುರು ಎಲ್ಲ ಸೊನ್ನೆ" ಎಂದು ಅವರು ಮುಗಿಸಿದರು. ಪಕ್ಕದವರು ತಲೆಯಾಡಿಸಿ, ಈಗಿನ ಮಕ್ಕಳಿಗೆ ಅಷ್ಟಾದರೂ ಆಗಬೇಕು ಎಂದರು.

ಆ ಹುಡುಗಿ ನಾನು. ಹಿಂದಿನ ಸೀಟಿನಲ್ಲಿ ಟಿಕೆಟ್ ಹಿಡಿದುಕೊಂಡು ನನ್ನದೇ ಸೋಲನ್ನು ಕೇಳಿಸಿಕೊಳ್ಳುವ ಯೋಗ ಎಷ್ಟು ಜನರಿಗೆ ಬರುತ್ತದೆ ಹೇಳಿ. ನನ್ನ ಆಕ್ಷೇಪಗಳನ್ನು ನಿಮ್ಮ ಮುಂದೆ ಇಡುತ್ತೇನೆ. ನಾನು ಮಣಿಪಾಲದವಳಲ್ಲ, ಕಾಪುವಿನವಳು. ಈಗ ಮಣಿಪಾಲದ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿರುವುದು ನಿಜ, ಆದರೆ ಅವತ್ತು ಉಡುಪಿಯಲ್ಲಿ ಎಂಎಸ್ಸಿ ಓದುತ್ತಿದ್ದೆ. ನಾನು ಅಳಲಿಲ್ಲ. ಯಾರ ಕಾಲಿಗೂ ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತೋ ಏನೋ, ಅದು ಬೇರೆ ವಿಷಯ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಸೋತದ್ದು ವಿಜ್ಞಾನ ಅಲ್ಲ. ಅವತ್ತು ಆ ಶೆಡ್ಡಿನಲ್ಲಿ ಸರಿಯಾದ ಭೌತಶಾಸ್ತ್ರ ಗೊತ್ತಿದ್ದದ್ದು ಒಬ್ಬರಿಗೆ, ಮತ್ತು ಅದು ನಾನಾಗಿರಲಿಲ್ಲ.

ನನ್ನ ಬಗ್ಗೆ ಸ್ವಲ್ಪ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಹೈಸ್ಕೂಲಿನಿಂದ ಎಂಎಸ್ಸಿಯ ತನಕ ನಾನು ಚರ್ಚಾಸ್ಪರ್ಧೆಯವಳು. ಪರವೋ ವಿರೋಧವೋ ಎಂದು ಚೀಟಿ ಎತ್ತುವುದು, ಯಾವ ಚೀಟಿ ಬಂದರೂ ಮೂರು ನಿಮಿಷ ಬೆಂಕಿ ಉಗುಳುವುದು, ಕಪ್ ಹಿಡಿದು ಮನೆಗೆ ಬರುವುದು. ಮನೆಯಲ್ಲಿ ಗ್ಯಾಸ್ ಆಫ್ ಮಾಡು ಎಂದರೂ ಇವಳೊಳಗೆ ವಿರೋಧ ಪಕ್ಷ ಎದ್ದು ನಿಲ್ಲುತ್ತದೆ ಎಂದು ಅಮ್ಮ ನೆಂಟರಲ್ಲಿ ಹೇಳುತ್ತಿದ್ದರು. ಆ ಆಟದಲ್ಲಿ ಒಂದು ನಿಯಮ ಉಂಟು. ಎದುರಾಳಿ ನಿಮ್ಮ ಯಾವ ಅಂಶಕ್ಕೆ ಉತ್ತರ ಕೊಡುವುದಿಲ್ಲವೋ ಅದನ್ನು ಅವರು ಒಪ್ಪಿಕೊಂಡರು ಎಂದು ಲೆಕ್ಕ. "ನನ್ನ ಎದುರಾಳಿ ಈ ಬಗ್ಗೆ ಮೌನ ವಹಿಸಿದ್ದನ್ನು ತೀರ್ಪುಗಾರರು ಗಮನಿಸಬೇಕು" ಎಂಬ ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಹೇಳುವಾಗ ಒಂದು ಹುಬ್ಬು ಸ್ವಲ್ಪ ಮೇಲೆ ಹೋಗಬೇಕು.

ಈ ಹುಬ್ಬಿನೊಂದಿಗೆ ನಾನು ಹಿಲ್ಡಾ ಮೇಡಂ ಕ್ಲಾಸಿಗೆ ಹೋಗಿ ಕುಳಿತದ್ದು.

ಹಿಲ್ಡಾ ಮೇಡಂ ನಮಗೆ ಭೌತಶಾಸ್ತ್ರಕ್ಕೆ ಬೇಕಾದ ಗಣಿತ ಕಲಿಸುತ್ತಿದ್ದರು. ಊರು ಕಲ್ಯಾಣಪುರ. ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಮಾತ್ರ ರೇಡಿಯೋದ ವಾರ್ತೆಯಂಥ ಶುದ್ಧ ಕನ್ನಡ. ಒಂದು ಬೆಳಿಗ್ಗೆ ಅವರು ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು, ನಡುವೆ ಒಂದು ಬಾಣವನ್ನು ನೆಟ್ಟಗೆ ನಿಲ್ಲಿಸಿ, ಇದು ಡೆಲ್ಟಾ ಫಂಕ್ಷನ್ ಎಂದರು. ಫಂಕ್ಷನ್ ಅಂದರೆ ನಿಮಗೆ ಗೊತ್ತು, ಒಂದು ಸಂಖ್ಯೆ ಒಳಗೆ ಹಾಕಿದರೆ ಇನ್ನೊಂದು ಸಂಖ್ಯೆ ಹೊರಗೆ ಕೊಡುವ ಏರ್ಪಾಡು. ಈ ಡೆಲ್ಟಾ ಮಹಾಶಯ ಎಲ್ಲ ಕಡೆ ಸೊನ್ನೆ ಕೊಡುತ್ತಾನೆ. ಒಂದೇ ಒಂದು ಬಿಂದುವಿನಲ್ಲಿ ಮಾತ್ರ ಅನಂತ. ಆದರೂ ಅವನ ಕೆಳಗಿನ ಒಟ್ಟು ವಿಸ್ತೀರ್ಣ ಸರಿಯಾಗಿ ಒಂದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನಾನು ಎದ್ದು ನಿಂತೆ. ಬಿಂದುವಿಗೆ ಅಗಲ ಇಲ್ಲ. ಅಗಲವೇ ಇಲ್ಲದ ಗೋಡೆ ಎಷ್ಟು ಎತ್ತರ ಹೋದರೂ ಅದಕ್ಕೆ ಸುಣ್ಣ ಬಳಿಯುವ ಅಗತ್ಯ ಬೀಳುವುದಿಲ್ಲ. ಹಾಗಾಗಿ ವಿಸ್ತೀರ್ಣ ಸೊನ್ನೆಯಾಗಬೇಕು, ಒಂದು ಆಗಲು ಸಾಧ್ಯ ಇಲ್ಲ, ಆದ್ದರಿಂದ ಇದು ಫಂಕ್ಷನ್ನೇ ಅಲ್ಲ ಎಂದೆ. ಇನ್ನೂ ಎರಡೂವರೆ ನಿಮಿಷದ ಸರಕು ಗಂಟಲಿನಲ್ಲಿತ್ತು.

ಮೇಡಂ ಚಾಕ್ ಕೆಳಗಿಟ್ಟು, "ಸರಿಯಾಗಿ ಹೇಳಿದೆ. ಅಲ್ಲ" ಎಂದರು.

ಎದುರಾಳಿ ಮೊದಲ ವಾಕ್ಯದಲ್ಲೇ ಒಪ್ಪಿಕೊಂಡರೆ ಆಗುವ ಸಂಕಟ ಚರ್ಚಾಪಟುಗಳಿಗೆ ಮಾತ್ರ ಗೊತ್ತು. ನಿಂತವಳಿಗೆ ಕೂರಲೂ ಆಗಲಿಲ್ಲ. ಮೇಡಂ ನನ್ನನ್ನು ನಿಲ್ಲಿಸಿಯೇ ಕೇಳಿದರು, ನಿನ್ನ ಅಕ್ಕನಿಗೆ ಗಂಡು ನೋಡುವಾಗ ನಿಮ್ಮ ಮನೆಯವರು ಎಂತ ಮಾಡಿದರು ಅಂತ. ನಾನು ಇದ್ದದ್ದು ಹೇಳಿದೆ. ಅಪ್ಪ ಹುಡುಗನ ಊರಿಗೆ ಹೋಗಿ ಅಲ್ಲಿಯ ಅಂಗಡಿಯಲ್ಲಿ ವಿಚಾರಿಸಿದರು. ಆ ದಾರಿಯ ಬಸ್ಸಿನ ಕಂಡಕ್ಟರನ್ನು ವಿಚಾರಿಸಿದರು. ಹುಡುಗ ಕಲಿತ ಶಾಲೆಯ ಮೇಷ್ಟ್ರನ್ನು ವಿಚಾರಿಸಿದರು.

"ಹುಡುಗನನ್ನೇ ಕೂರಿಸಿ, ನೀನು ಎಷ್ಟು ಒಳ್ಳೆಯವನು ಹೇಳು ಅಂತ ಕೇಳಲಿಲ್ಲ ಅಲ್ವಾ? ಡೆಲ್ಟಾ ಕೂಡ ಹಾಗೆಯೇ. ಈ ಬಿಂದುವಿನಲ್ಲಿ ನೀನು ಎಷ್ಟು ಅಂತ ಅದನ್ನು ನೇರ ಕೇಳಬೇಡ. ಅದು ಬೇರೆಯವರ ಜೊತೆ ಹೇಗೆ ವರ್ತಿಸ್ತದೆ ವಿಚಾರಿಸು."

ಆ ಬೇರೆಯವರಿಗೆ ಗಣಿತದಲ್ಲಿ ಪರೀಕ್ಷಾ ಫಂಕ್ಷನ್ ಎಂದು ಹೆಸರು. ಬಹಳ ಸಾಧು ಜನ. ಎಲ್ಲೂ ಮುರಿಯದ, ಚೂಪಿಲ್ಲದ, ತಮ್ಮ ಗಡಿ ದಾಟಿದ ಮೇಲೆ ಸದ್ದಿಲ್ಲದೆ ಸೊನ್ನೆಯಾಗುವ ನಯವಾದ ಫಂಕ್ಷನ್‌ಗಳು. ಇಂಥ ಒಂದನ್ನು ಡೆಲ್ಟಾದ ಮನೆಗೆ ಕಳಿಸಿದರೆ, ಆ ಒಂದು ಬಿಂದುವಿನಲ್ಲಿ ಅದರ ಬೆಲೆ ಎಷ್ಟಿತ್ತೋ ಅಷ್ಟನ್ನು ಎತ್ತಿಕೊಂಡು ಮರಳಿ ಬರುತ್ತದೆ. ಡೆಲ್ಟಾ ಅಂದರೆ ಅಷ್ಟೇ, ಆ ಎತ್ತಿಕೊಡುವ ಕೆಲಸ. ಹೀಗೆ ತಾನು ಏನು ಎನ್ನುವುದರಿಂದಲ್ಲ, ಇತರರಿಗೆ ಏನು ಮಾಡುತ್ತದೆ ಎನ್ನುವುದರಿಂದ ಗುರುತಿಸಲ್ಪಡುವ ಇಡೀ ಕುಲಕ್ಕೇ ಸಾಮಾನ್ಯೀಕರಿಸಿದ ಫಂಕ್ಷನ್‌ಗಳು ಎಂದು ಹೆಸರು. ಇವನ್ನು ಅವಕಲಿಸಬೇಕಾದರೂ, ಅಂದರೆ ಡಿಫರೆನ್ಶಿಯೇಟ್ ಮಾಡಬೇಕಾದರೂ, ಇವು ತಾವು ಮೈ ಬಗ್ಗಿಸುವುದಿಲ್ಲ. ಒಂದು ಋಣ ಚಿಹ್ನೆ ಅಂಟಿಸಿ, ಕೆಲಸವನ್ನು ಪಕ್ಕದಲ್ಲಿ ನಿಂತ ಪರೀಕ್ಷಾ ಫಂಕ್ಷನ್ನಿನ ತಲೆಗೆ ದಾಟಿಸುತ್ತವೆ. ನಮ್ಮ ಕಾಲೇಜಿನ ಆಫೀಸಿನಲ್ಲಿ ಈ ವಿದ್ಯೆ ಮೊದಲೇ ಇತ್ತು ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದರು. ಮೇಡಂ ಕೇಳಿಸದವರ ಹಾಗೆ ಮಾಡಿದರು.

ಆಮೇಲೆ ಅವರು ಒಂದು ಮಾತು ಸೇರಿಸಿದರು. ವಿಚಾರಿಸಲು ಹೋಗುವವರು ಸಂಭಾವಿತರಾಗಿರಬೇಕು. ಹೋದವರಿಗೇ ಕಿವಿ ಮಂದವಾಗಿದ್ದರೆ ತರುವ ಸುದ್ದಿ ಹುಡುಗನದ್ದಲ್ಲ, ಅವರದ್ದು. ಎಲ್ಲರೂ ನಕ್ಕರು. ನಾನು ನೋಟ್ಸಿನಲ್ಲಿ ಬರೆದುಕೊಳ್ಳಲಿಲ್ಲ. ಜೋಕನ್ನು ಯಾರು ಬರೆದುಕೊಳ್ಳುತ್ತಾರೆ?

ಇದರಿಂದ ಭೌತಶಾಸ್ತ್ರಕ್ಕೆ ಎಂತ ಲಾಭ ಎಂದು ನೀವು ಕೇಳಬಹುದು. ಒಂದು ಬಿಂದುವಿನಲ್ಲಿ ಕುಳಿತ ವಿದ್ಯುದಾವೇಶ, ಒಂದು ಕ್ಷಣದಲ್ಲಿ ಮುಗಿಯುವ ಹೊಡೆತ, ಇವನ್ನೆಲ್ಲ ಬರೆಯಲು ಬೇರೆ ಭಾಷೆ ಇಲ್ಲ. ಅದಕ್ಕಿಂತ ಸೊಗಸು ಇನ್ನೊಂದು ಉಂಟು. ಸಮಯದಲ್ಲಿ ಒಂದೇ ಬಿಂದುವಾಗಿರುವ ಹೊಡೆತದೊಳಗೆ ಎಲ್ಲ ಸ್ವರಗಳೂ ಇರುತ್ತವೆ, ತಗ್ಗಿನದ್ದು, ಎತ್ತರದ್ದು, ಎಲ್ಲವೂ ಸಮಪಾಲು. ಅಂಥ ಒಂದು ಪೆಟ್ಟನ್ನು ಒಂದು ವಸ್ತುವಿಗೆ ಕೊಟ್ಟರೆ ನೀವು ಅದಕ್ಕೆ ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದ ಹಾಗೆ. ಅದು ತನ್ನ ಸ್ವಂತ ಸ್ವರಗಳನ್ನು ಆರಿಸಿ ವಾಪಸು ಹಾಡುತ್ತದೆ. ಆ ಒಂದು ಹಾಡು ಗೊತ್ತಾದರೆ ಸಾಕು. ಆ ಜಾಗದಲ್ಲಿ ಬೇರೆ ಯಾವ ಒತ್ತಡ ಹಾಕಿದರೂ ವಸ್ತು ಎಂತ ಮಾಡುತ್ತದೆ ಎಂದು ಕೂತಲ್ಲೇ ಲೆಕ್ಕ ಹಾಕಬಹುದು. ಪುಸ್ತಕಗಳಲ್ಲಿ, ಭೌತಶಾಸ್ತ್ರದವರು ಅವಸರದಲ್ಲಿ ಈ ಡೆಲ್ಟಾವನ್ನು ಹುಟ್ಟಿಸಿದರು, ಗಣಿತದವರು ಆಮೇಲೆ ಬಂದು ಮರ್ಯಾದೆಯ ಬಟ್ಟೆ ತೊಡಿಸಿದರು ಎಂದು ಬರೆಯುತ್ತಾರೆ. ಒಬ್ಬರು ಉಡಾಫೆ, ಇನ್ನೊಬ್ಬರು ಜಾಗ್ರತೆ. ನನ್ನ ವಿಷಯದಲ್ಲಿ ನಡೆದದ್ದು ಹಾಗಲ್ಲ. ನನಗೆ ಬಟ್ಟೆಯ ಅಳತೆ ಎಲ್ಲ ಬಾಯಿಪಾಠ ಬರುತ್ತಿತ್ತು. ಮನುಷ್ಯನ ಗುರುತು ಸಿಗಲಿಲ್ಲ.

ಆ ವರ್ಷವೇ ಮೇಡಂ ಮನೆಯವರು ಅಂಗಳದ ಶಿಲುಬೆ ಹೊಸದು ಮಾಡಿಸಲು ಹೊರಟದ್ದು. ಹಳೆಯದು ಕೆಂಪು ಮುರಕಲ್ಲಿನದ್ದು, ಎಷ್ಟೋ ಮಳೆಗಾಲ ಕುಡಿದು ಕೈಗಳೇ ಕರಗಿ ಬರೀ ಕಂಬದ ಹಾಗೆ ಆಗಿತ್ತು. ಮೇಡಂ ಅಣ್ಣ ಗಿಲ್ಬರ್ಟ್ ಅಂಕಲ್ ಗಲ್ಫಿನಲ್ಲಿದ್ದವರು, ರಜೆಯಲ್ಲಿ ಬಂದಿದ್ದರು. ಈ ಸಲ ಕರಿಕಲ್ಲಿನದ್ದೇ ಆಗಬೇಕು, ಒಂದೇ ಕಲ್ಲಿನಲ್ಲಿ ಕೈ ಸಮೇತ ಆಗಬೇಕು, ತನ್ನ ರಜೆ ಮುಗಿಯುವ ಮೊದಲು ಪಾದ್ರಿಗಳಿಂದ ಆಶೀರ್ವಾದ ಆಗಬೇಕು ಎಂಬುದು ಅವರ ಹಟ. ಕೆಲಸ ಒಪ್ಪಿಕೊಂಡವರು ಕಾರ್ಕಳದ ವಾಮನ ಆಚಾರ್ರು. ನಲವತ್ತು ವರ್ಷದಿಂದ ಕಲ್ಲು ಕೆತ್ತುವವರು. ಕೋರೆಗೆ ಹೋಗಿ ಕಲ್ಲು ಆರಿಸಿದ್ದು ಅವರೇ. ಲಾರಿಯಲ್ಲಿ ತಂದು ಶೆಡ್ಡಿನಲ್ಲಿ ಇಳಿಸಿದ್ದೂ ಆಯಿತು. ಮೂರನೇ ದಿನ ಫೋನ್ ಮಾಡಿ, ಈ ಕಲ್ಲು ಆಗುವುದಿಲ್ಲ, ಒಳಗೆ ಬಿರುಕು ಉಂಟು, ಬೇರೆ ಹುಡುಕಬೇಕು ಎಂದರು.

ಗಿಲ್ಬರ್ಟ್ ಅಂಕಲ್ ಸಿಟ್ಟಿನಲ್ಲಿ ಕಾರ್ಕಳಕ್ಕೆ ಓಡಿದರು. ಶೆಡ್ಡಿನಲ್ಲಿ ಯಾರೋ ಅವರ ಕಿವಿಗೆ ಒಂದು ಸುದ್ದಿ ಹಾಕಿದರು. ಒಂದು ರೆಸಾರ್ಟಿನವರು ಬಂದು ಅದೇ ಕಲ್ಲಿನ ಸುತ್ತ ಎರಡು ಸುತ್ತು ಹಾಕಿ, ತಮ್ಮ ಗೇಟಿಗೆ ಆನೆ ಮಾಡಿಸಲು ಇಂಥದ್ದೇ ಬೇಕು ಎಂದಿದ್ದರಂತೆ. ಅಲ್ಲಿಗೆ ಅಂಕಲ್ ತಲೆಯಲ್ಲಿ ಕೇಸು ತೀರ್ಮಾನವಾಯಿತು. ಬಿರುಕು ಕಲ್ಲಿನಲ್ಲಿಲ್ಲ, ಆಚಾರ್ರ ಮಾತಿನಲ್ಲಿ. ನಮ್ಮ ಶಿಲುಬೆಯ ಕಲ್ಲು ರೆಸಾರ್ಟಿನ ಆನೆಯಾಗುತ್ತದೆ ಎಂದು ಅವರು ಕಲ್ಯಾಣಪುರದಲ್ಲಿ ಕಂಡಕಂಡವರಲ್ಲಿ ಹೇಳತೊಡಗಿದರು. ಆಚಾರ್ರ ಕಸುಬಿನಲ್ಲಿ ಗ್ಯಾರಂಟಿ ಕಾರ್ಡ್ ಇಲ್ಲ. ಅವರು ಒಳ್ಳೆಯದು ಎಂದ ಕಲ್ಲು ಒಳ್ಳೆಯದು, ಬೇಡ ಎಂದದ್ದು ಬೇಡ. ಆ ಒಂದು ಮಾತಿನ ಮೇಲೆ ಶೆಡ್ಡು ನಿಂತದ್ದು.

ಮೇಡಂ ನನ್ನನ್ನು ಕರೆದು, ನಿನ್ನ ಪ್ರಾಜೆಕ್ಟಿಗೂ ಆಯಿತು, ನಮ್ಮ ಮನೆಯ ಜಗಳಕ್ಕೂ ಆಯಿತು, ಅಳೆದು ನೋಡ್ತೀಯಾ ಎಂದರು. ನನಗೆ ಯಾರೂ ಚೀಟಿ ಕೊಡುವ ಅಗತ್ಯ ಇರಲಿಲ್ಲ. ಮುಟ್ಟಿ, ಕಿವಿಗೊಟ್ಟು, ಕಲ್ಲಿನ ಜಾತಕ ಹೇಳುವವರ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಸಿದ್ಧವಾಗಿತ್ತು.

ಮಣಿಪಾಲದ ಇಂಜಿನಿಯರಿಂಗ್ ಲ್ಯಾಬಿನ ಗೆಳತಿಯಿಂದ ಅಳೆಯುವ ಸುತ್ತಿಗೆಯೊಂದನ್ನು ಕಡ ತಂದೆ. ಅದರ ತಲೆಯೊಳಗೆ ಪೆಟ್ಟಿನ ಬಲ ಅಳೆಯುವ ಸೆನ್ಸರ್ ಉಂಟು. ತಿರುಗಿಸಿ ಕೂರಿಸುವ ಮೂತಿಗಳು ಮೂರು, ಉಕ್ಕಿನದ್ದು, ಪ್ಲಾಸ್ಟಿಕ್ಕಿನದ್ದು, ರಬ್ಬರಿನದ್ದು. ನಾನು ರಬ್ಬರಿನದ್ದನ್ನು ಆರಿಸಿದೆ. ಯಾಕೆ ಗೊತ್ತೇ? ಶಿಲುಬೆಯಾಗುವ ಕಲ್ಲು, ಕಲೆ ಬೀಳಬಾರದು ಅಂತ. ಮುಂದೆ ಎರಡು ತಿಂಗಳು ಉಳಿ ಸುತ್ತಿಗೆ ಹಿಡಿದು ಚಚ್ಚಲಿರುವ ಕಲ್ಲಿಗೆ ನಾನು ತೋರಿಸಿದ ಕರುಣೆ ಇದು.

ಆಚಾರ್ರು ಕಲ್ಲನ್ನು ಎರಡು ಮರದ ತುಂಡುಗಳ ಮೇಲೆ ಮಲಗಿಸಿದ್ದರು. ನಾವು ಹೋದಾಗ ಒಂದು ಗೇಣು ಉದ್ದದ ಕಬ್ಬಿಣದ ಸುತ್ತಿಗೆ ಹಿಡಿದು ನಮಗೆ ತೋರಿಸಿದರು. ತಾಗಿತೋ ಇಲ್ಲವೋ ಎನ್ನುವ ಹಾಗೆ ತಾಗಿಸಿ ತಕ್ಷಣ ಕೈ ಹಿಂದೆ ತೆಗೆಯುವುದು. ಠಣ್. ಒಂದು ಮೊಳ ಸರಿದು ಮತ್ತೆ ಠಣ್. ಶಿಲುಬೆಯ ಎಡಗೈ ಬರಬೇಕಾದ ಜಾಗಕ್ಕೆ ಬಂದಾಗ, ನನ್ನ ಕಿವಿಗೆ ಅಲ್ಲೂ ಠಣ್ ಎಂದೇ ಕೇಳಿಸಿತು. ಅವರು ತಲೆಯಲ್ಲಾಡಿಸಿ, ಇಲ್ಲಿ ಇದು ಮಾತು ನುಂಗ್ತದೆ ಎಂದರು.

"ಕೋರೆಯಲ್ಲಿ ನೀವೇ ಆರಿಸಿದ್ದಲ್ವಾ? ಅಲ್ಲಿ ನುಂಗಲಿಲ್ವಾ?" ಎಂದರು ಗಿಲ್ಬರ್ಟ್ ಅಂಕಲ್.

"ಮಣ್ಣಿನಲ್ಲಿ ಹೂತ ಕಲ್ಲು ಸರಿಯಾಗಿ ಮಾತಾಡುವುದಿಲ್ಲ. ಅಲ್ಲಿಯೇ ಎತ್ತಿಸಿ ಕೇಳಬೇಕಿತ್ತು. ತಪ್ಪು ನನ್ನದು."

ತಪ್ಪು ಒಪ್ಪಿಕೊಳ್ಳುವವರ ಮೇಲೆ ಗಿಲ್ಬರ್ಟ್ ಅಂಕಲ್‌ಗೆ ಇನ್ನಷ್ಟು ಸಂಶಯ. ಅವರು ನನ್ನ ಕಡೆ ಕೈ ಮಾಡಿದರು. ಆಚಾರ್ರು ತಮ್ಮ ಸುತ್ತಿಗೆಯನ್ನು ನನ್ನ ಮುಂದೆ ಹಿಡಿದರು. ಬೇಡ, ಅಳೆಯುವ ಸುತ್ತಿಗೆ ನಮ್ಮದೇ ಉಂಟು ಎಂದೆ. ಹುಬ್ಬು ಮೇಲೆ ಹೋಗಿರಬೇಕು. ಅವರು ನನ್ನದನ್ನು ಕೇಳಿ ಪಡೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ರಬ್ಬರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಮರಳಿ ಕೊಟ್ಟರು. ಕಲ್ಲಿನ ಅದುರು ಹಿಡಿಯುವ ಇನ್ನೊಂದು ಸೆನ್ಸರನ್ನು ಮೇಣದಲ್ಲಿ ಕಲ್ಲಿಗೆ ಅಂಟಿಸಿ ನಾನು ಹೊಡೆದೆ. ಬಾಗಿಲಿಗೆ ಯಾರೋ ಮೊಣಕೈ ತಾಗಿಸಿದಂಥ ಸದ್ದು. ಲ್ಯಾಪ್‌ಟಾಪಿನ ಮೇಲೆ, ಕಲ್ಲು ವಾಪಸು ಹಾಡಿದ ಸ್ವರಗಳ ಚಿತ್ರದಲ್ಲಿ, ಒಂದೇ ಒಂದು ಚೂಪಾದ ಗೋಪುರ ಎದ್ದಿತು. ಅದರಾಚೆ ಪೂರ್ತಿ ಬಯಲು. ಇಷ್ಟು ಚೊಕ್ಕ ಚಿತ್ರವನ್ನು ನಾನು ಪುಸ್ತಕದಲ್ಲೂ ನೋಡಿರಲಿಲ್ಲ. ಹತ್ತು ಕಡೆ ಹೊಡೆದೆ, ಹತ್ತು ಕಡೆಯೂ ಹೀಗೆಯೇ. ಬಿರುಕಿದ್ದರೆ ಗಲಾಟೆ ಕಾಣಬೇಕಿತ್ತು, ಗಲಾಟೆ ಎಲ್ಲೂ ಇಲ್ಲ, ಆದ್ದರಿಂದ ಈ ಕಲ್ಲಿನಲ್ಲಿ ದೋಷ ಇಲ್ಲ ಎಂದು ತೀರ್ಪು ಕೊಟ್ಟೆ. ಸಭೆಯನ್ನುದ್ದೇಶಿಸಿ ಕೊಟ್ಟೆ. ಸಭೆ ಅಂದರೆ ಅಂಕಲ್, ಮೇಡಂ, ಶೆಡ್ಡಿನ ಇಬ್ಬರು ಕೆಲಸದವರು ಮತ್ತು ಚಹಾ ತಂದವರು.

ಅಂಕಲ್ ಆಚಾರ್ರ ಮುಖ ನೋಡಿ, "ಈಗ ಎಂತ ಹೇಳ್ತೀರಿ? ಸುಳ್ಳು ಹೇಳಿ ಬದುಕುವ ವಯಸ್ಸಾ ಇದು?" ಎಂದರು.

ಆಚಾರ್ರು ಏನೂ ಹೇಳಲಿಲ್ಲ. ಬಹಳ ಹೊತ್ತಾದ ಮೇಲೆ, ಹಾಗಾದರೆ ಬೇರೆಯವರಲ್ಲಿ ಕೆತ್ತಿಸಿ, ನನ್ನ ಕೈಯಿಂದ ಈ ಕಲ್ಲಿಗೆ ಉಳಿ ತಾಗುವುದಿಲ್ಲ ಎಂದರು. ನಾನು ಮನಸ್ಸಿನಲ್ಲೇ ಆ ಹಳೆಯ ವಾಕ್ಯ ಹೇಳಿಕೊಂಡೆ, ಎದುರಾಳಿ ಮೌನ ವಹಿಸಿದ್ದನ್ನು ತೀರ್ಪುಗಾರರು ಗಮನಿಸಬೇಕು.

ಮುಂದಿನ ಹತ್ತು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಗಿಲ್ಬರ್ಟ್ ಅಂಕಲ್ ಬೇರೊಬ್ಬ ಕೆತ್ತುವವರನ್ನು ಗೊತ್ತು ಮಾಡಿ ಸೋಮವಾರಕ್ಕೆ ಲಾರಿ ಹೇಳಿದರು. ಸುದ್ದಿ ಶೆಡ್ಡಿನಿಂದ ಹೊರಗೆ ಹೋಯಿತು. ಆಚಾರ್ರಲ್ಲಿ ಬಾವಿಕಟ್ಟೆಯ ಕಲ್ಲು ಮಾಡಿಸುತ್ತಿದ್ದ ಒಬ್ಬರು, ಅದನ್ನೂ ಒಮ್ಮೆ ಆ ಹುಡುಗಿಯಲ್ಲಿ ಪರೀಕ್ಷೆ ಮಾಡಿಸಬಹುದಾ ಎಂದು ಮೇಡಂಗೆ ಫೋನ್ ಮಾಡಿದರು. ನಲವತ್ತು ವರ್ಷದ ಮಾತು ಹತ್ತು ದಿನದಲ್ಲಿ ಸವೆಯುತ್ತಿತ್ತು. ನನಗೆ ಅದು ಕಾಣಲಿಲ್ಲ. ನಾನು ಪ್ರಾಜೆಕ್ಟ್ ವರದಿಗೆ ಚಂದದ ಶೀರ್ಷಿಕೆ ಹುಡುಕುತ್ತಿದ್ದೆ.

ಶನಿವಾರ ವರದಿಯನ್ನು ಮೇಡಂ ಮೇಜಿನ ಮೇಲಿಟ್ಟೆ. ಪುಟ ಮಗುಚಿ, ಚಿತ್ರ ನೋಡಿ, ಹಿಂದಿನ ಪುಟಕ್ಕೆ ಹೋಗಿ, ಮತ್ತೆ ಮುಂದೆ ಬಂದರು.

"ಕಲ್ಲು ಎಂತ ಹೇಳಿತು ಅಂತ ಬರೆದಿದ್ದೀ ಮಾರಾಯ್ತಿ. ನೀನು ಅದಕ್ಕೆ ಎಂತ ಕೇಳಿದ್ದು?"

ನಾನು ಡೆಲ್ಟಾ ಎಂದೆ. ಒಂದು ಕ್ಷಣದ ಪೆಟ್ಟು, ಎಲ್ಲ ಸ್ವರಗಳೂ ಸಮಪಾಲು. ಪೆಟ್ಟಿನ ಚಿತ್ರ ತೋರಿಸು ಎಂದರು. ಅದನ್ನು ನಾನು ತೆಗೆದೇ ನೋಡಿರಲಿಲ್ಲ. ಸುತ್ತಿಗೆ ಹಿಡಿದವಳು ನಾನು, ನನ್ನನ್ನು ನಾನೇ ಯಾಕೆ ವಿಚಾರಿಸಲಿ? ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಬಾಣ ಇರಬೇಕಾದಲ್ಲಿ ಒಂದು ಗುಡ್ಡ ಇತ್ತು. ಮೆತ್ತಗಿನ ರಬ್ಬರ್ ಕಲ್ಲಿಗೆ ಒತ್ತಿ, ಚಪ್ಪಟೆಯಾಗಿ, ಆರಾಮವಾಗಿ ಹಿಂದೆ ಬಂದಿತ್ತು. ಅಂಥ ಸೋಮಾರಿ ಪೆಟ್ಟಿನಲ್ಲಿ ತಗ್ಗಿನ ಸ್ವರಗಳು ಮಾತ್ರ ಇರುತ್ತವೆ. ಮೇಲಿನವು ಹುಟ್ಟುವುದೇ ಇಲ್ಲ. ಆ ಪೆಟ್ಟಿನ ಸ್ವರಗಳ ಚಿತ್ರದಲ್ಲಿ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಅಲ್ಲಿಂದ ಇಳಿದು ನೆಲ ಹಿಡಿದಿತ್ತು. ನಾನು ಹೊಗಳಿದ ಆ ಚೊಕ್ಕ ಬಯಲು ಶುರುವಾಗುವುದು ಸರಿಯಾಗಿ ಅಲ್ಲಿಂದಲೇ. ಸಣ್ಣ ಒಳಬಿರುಕು ಗಲಾಟೆ ಮಾಡುವುದು ಮೇಲಿನ ಸ್ವರಗಳಲ್ಲಿ. ಆ ಪ್ರಶ್ನೆಯನ್ನು ನಾನು ಕಲ್ಲಿಗೆ ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಕಲ್ಲು ಉತ್ತರ ಕೊಡಲಿಲ್ಲ, ನಾನು ಅದನ್ನು ದೋಷವಿಲ್ಲ ಎಂದು ಬರೆದುಕೊಂಡೆ.

ಆಚಾರ್ರ ಕೈ ನೆನಪಾಯಿತು. ತಾಗಿತೋ ಇಲ್ಲವೋ ಎನ್ನುವ ಕಬ್ಬಿಣದ ತುದಿ, ತಕ್ಷಣ ಹಿಂದೆ ಬರುವ ಮಣಿಕಟ್ಟು. ಬಿಂದುವಿಗೆ ಅಷ್ಟು ಹತ್ತಿರದ ಪೆಟ್ಟು ಆ ಶೆಡ್ಡಿನಲ್ಲಿ ಬಿದ್ದದ್ದು ಅವರ ಕೈಯಿಂದ ಮಾತ್ರ.

ಈಗ ಎಂತ ಮಾಡುವುದು ಮೇಡಂ ಎಂದೆ. ಅವರು ಶುದ್ಧ ಕನ್ನಡದಲ್ಲಿ, "ಎಲ್ಲಿ ಹೇಳಿದ್ದೀಯೋ ಅಲ್ಲಿಯೇ ಹೋಗಿ ಹೇಳು. ಯಾರ ಎದುರು ಹೇಳಿದ್ದೀಯೋ ಅವರ ಎದುರೇ ಹೇಳು" ಎಂದರು.

ಭಾನುವಾರ ಇಗರ್ಜಿಯಿಂದ ನೇರವಾಗಿ ಅಣ್ಣ ತಂಗಿ ಇಬ್ಬರೂ ಕಾರ್ಕಳಕ್ಕೆ ಬಂದರು. ಕೆಲಸದವರಿಗೆ ರಜೆ. ಅವರಿಬ್ಬರನ್ನೂ, ಅವತ್ತು ಚಹಾ ತಂದವರನ್ನೂ ಫೋನ್ ಮಾಡಿ ಕರೆಸಿದೆ. ಸಭೆ ಪೂರ್ತಿ ಬೇಕಿತ್ತು ನನಗೆ. ಸುತ್ತಿಗೆಗೆ ಉಕ್ಕಿನ ಮೂತಿ ಕೂರಿಸಿ ಮೊದಲಿಂದ ಹೊಡೆದೆ. ಈ ಸಲ ಗೋಪುರಗಳ ಸಾಲೇ ಎದ್ದಿತು. ಕಲ್ಲಿನ ಒಂದು ಕಡೆ ಎಲ್ಲವೂ ಚೂಪು. ಎಡಗೈಯ ಜಾಗಕ್ಕೆ ಬಂದಾಗ ಮೇಲಿನ ಗೋಪುರಗಳು ಒಂದೊಂದಾಗಿ ಕುಸಿದು, ಎರಡು ತಲೆಯಾಗಿ, ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿದವು. ನಾನು ಹತ್ತು ದಿನದ ಹಿಂದಿನ ಮಾತನ್ನು ಹಿಂದೆ ತೆಗೆದುಕೊಂಡೆ. ರಬ್ಬರಿನ ಕಥೆ ಪೂರ್ತಿ ಹೇಳಿದೆ. ಬಿರುಕು ಉಂಟು, ಆಚಾರ್ರು ತೋರಿಸಿದ ಜಾಗದಲ್ಲೇ ಉಂಟು, ತಪ್ಪಿದ್ದು ನಾನು ಎಂದೆ.

"ನಿನ್ನ ಮೊದಲನೇ ಮಾತು ನಂಬುವುದಾ, ಎರಡನೇದ್ದಾ?" ಎಂದರು ಗಿಲ್ಬರ್ಟ್ ಅಂಕಲ್. ನ್ಯಾಯವಾದ ಪ್ರಶ್ನೆ. ಚೀಟಿ ಎತ್ತಿ ಯಾವ ಪಕ್ಷದಲ್ಲೂ ವಾದಿಸಿದ ನಾನು ಅವತ್ತು ಮೊದಲ ಸಲ ನನ್ನದೇ ವಿರುದ್ಧ ವಾದಿಸಿದೆ, ಹತ್ತು ನಿಮಿಷ, ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು. ಗೆದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅಂಕಲ್ ಕಲ್ಲಿನ ಸುತ್ತ ಒಂದು ಸುತ್ತು ನಡೆದು, ಆಚಾರ್ರ ಎದುರು ನಿಂತು ಗಂಟಲು ಸರಿಮಾಡಿಕೊಂಡರು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಮನುಷ್ಯ.

"ಆಚಾರ್ರೇ, ರೆಸಾರ್ಟಿನ ಆನೆಗಾದರೂ ಆಗ್ತದಾ ಇದು?"

"ಆನೆಗೂ ಸೊಂಡಿಲು ಉಂಟಲ್ಲ" ಎಂದರು ಆಚಾರ್ರು.

ಮೊದಲು ನಕ್ಕದ್ದು ಮೇಡಂ. ಆಮೇಲೆ ಎಲ್ಲರೂ. ಲಾರಿಯವರಿಗೆ ನಾಳೆ ಬರಬೇಡಿ ಎಂದು ಅಂಕಲ್ ಅಲ್ಲಿಂದಲೇ ಫೋನ್ ಮಾಡಿದರು. ಬಾವಿಕಟ್ಟೆಯವರಿಗೆ ನಾನೇ ಫೋನ್ ಮಾಡಿ, ನಿಮ್ಮ ಕಲ್ಲಿಗೆ ನನ್ನ ಪರೀಕ್ಷೆ ಬೇಡ, ಆಚಾರ್ರ ಕಿವಿ ಧಾರಾಳ ಸಾಕು ಎಂದೆ. ಆಚಾರ್ರಿಗೆ ಹೊಸ ಕಲ್ಲು ಸಿಗಲು ಸಮಯ ಹಿಡಿಯಿತು. ಗಿಲ್ಬರ್ಟ್ ಅಂಕಲ್ ತಮ್ಮ ಹಟದ ಆಶೀರ್ವಾದವನ್ನು ಕೊನೆಗೆ ಗಲ್ಫಿನಿಂದ ವಿಡಿಯೋ ಕಾಲಿನಲ್ಲಿ ನೋಡಿದರು, ನಡುನಡುವೆ ಫೋನನ್ನು ಎಡಗೈ ಹತ್ತಿರ ಹಿಡಿಯಿರಿ ಎಂದು ಹೇಳುತ್ತಾ.

ಇಷ್ಟು ನಡೆದದ್ದು. ಮೊನ್ನೆ ಬಸ್ಸಿನಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಕಾರ್ಕಳದಲ್ಲಿ ಇಳಿದು ನೇರ ಶೆಡ್ಡಿಗೆ ನಡೆದೆ. ನಾನು ಆ ಕಡೆ ಹೋದಾಗಲೆಲ್ಲ ಹೋಗುತ್ತೇನೆ. ಆಚಾರ್ರಿಗೆ ಕಣ್ಣು ಸ್ವಲ್ಪ ಮಂಜಾಗಿದೆ, ಕಿವಿಗೆ ಏನೂ ಆಗಿಲ್ಲ. ಚಹಾ ತರಿಸಿದರು. ನಾವು ಕುಳಿತದ್ದು ಆ ಕಲ್ಲಿನ ಮೇಲೆಯೇ. ಅದು ಈಗಲೂ ಇಡಿಯಾಗಿ ಉಂಟು, ಶೆಡ್ಡಿಗೆ ಬರುವವರಿಗೆಲ್ಲ ಬೆಂಚು. ಬಸ್ಸಿನ ಕಥೆ ಹೇಳಿದಾಗ ಆಚಾರ್ರು ಕೆಮ್ಮು ಬರುವ ತನಕ ನಕ್ಕರು. ಬಾಳೆದಿಂಡಿನ ಜಾಗವನ್ನು ಎರಡು ಸಲ ಹೇಳಿಸಿದರು. ನೀವು ಜನರಿಗೆ ಸರಿಯಾದದ್ದು ಯಾಕೆ ಹೇಳುವುದಿಲ್ಲ ಎಂದೆ. ಹೇಳಲಿ ಬಿಡು ಮಗಾ, ಅವರು ಕೂತು ಹೇಳುವುದು ಈ ಕಲ್ಲಿನ ಮೇಲೆಯೇ ಅಲ್ವಾ ಎಂದು ಮತ್ತೆ ನಕ್ಕರು.

ಆಗ ನನಗೆ ಈ ಮೂರು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳದೆ ಇರಲಾಗಲಿಲ್ಲ. ಉತ್ತರಗಳನ್ನು ನಾನೇ ಎಷ್ಟೋ ಕಟ್ಟಿ ನೋಡಿದ್ದೇನೆ. ಹುಡುಗಿಗೆ ಅವಮಾನ ಆಗಬಾರದು ಎಂದೋ, ಹೇಳಿದರೂ ಯಾರು ನಂಬುತ್ತಾರೆ ಎಂದೋ, ಬಿರುಕು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದೋ. ಒಂದೊಂದಕ್ಕೂ ಎದುರು ವಾದ ನನ್ನಲ್ಲೇ ಉಂಟು. ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆದರೆ ಅದನ್ನು ಮತ್ತೇನು ಎಂದು ಬರೆದುಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಆಚಾರ್ರು ಖಾಲಿ ಲೋಟವನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. ನಾನು ಕೇಳಿದೆ:

"ಅವತ್ತು ನನ್ನ ಸುತ್ತಿಗೆಯ ರಬ್ಬರನ್ನು ಒತ್ತಿ ನೋಡಿದಾಗಲೇ ನಿಮಗೆ ಗೊತ್ತಾಗಿತ್ತು ಆಚಾರ್ರೇ. ಎಲ್ಲರ ಎದುರು ನಿಮ್ಮನ್ನು ಸುಳ್ಳುಗಾರ ಮಾಡುತ್ತಿದ್ದಾಗ, 'ಇದರ ಮೂತಿ ಮೆತ್ತಗೆ' ಅಂತ ಒಂದು ಮಾತು ಹೇಳಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ. ಯಾಕೆ ಹೇಳಲಿಲ್ಲ?"